ಆರ್ಕಿಡ್‌ಗೆ ಕಾಮಣಿ

ಕಿಟಕಿಯ ಕಟ್ಟೆಯ ಮೇಲಿದ್ದ ಆರ್ಕಿಡ್ ಗಿಡವನ್ನು ಎದುರುಮನೆಯ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, “ಇದಕ್ಕ ಕಾಮಣಿ ಆಗೈತಿ” ಎಂದು ತೀರ್ಪು ಕೊಟ್ಟಾಗ ನನಗೆ ನಗು ಬಂದಿತ್ತು. ಕಾಮಾಲೆಗೆ ನಮ್ಮ ಬಳ್ಳಾರಿ ಕಡೆಯ ಹೆಸರು ಕಾಮಣಿ. ಎಲೆಯೊಂದು ಹಳದಿಯಾದದ್ದಕ್ಕೆ ಅಷ್ಟು ದೊಡ್ಡ ರೋಗದ ಹೆಸರೇಕೆ ಎಂದುಕೊಂಡ ನಾನು, ಅಜ್ಜಿ ಅತ್ತ ಹೋದೊಡನೆ ಮಾಡಿದ ಮೊದಲ ಕೆಲಸವೆಂದರೆ ಗಿಡಕ್ಕೆ ಇನ್ನೊಂದು ಲೋಟ ನೀರು ಹಾಕಿದ್ದು.

ಈ ಗಿಡ ನಮ್ಮ ಗೃಹಪ್ರವೇಶಕ್ಕೆ ಬೆಂಗಳೂರಿನಿಂದ ಬಂದ ಉಡುಗೊರೆ. ಬೆಳ್ಳಿಯ ಕುಂಕುಮಭರಣಿಗಳೂ ಗೋಡೆ ಗಡಿಯಾರಗಳೂ ರಾಶಿ ಬಿದ್ದಿದ್ದ ಆ ದಿನ ಸೋದರಳಿಯನೊಬ್ಬ ಅದನ್ನು ರೈಲಿನಲ್ಲಿ ಇಡೀ ರಾತ್ರಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ನಾಲಿಗೆಯಂತೆ ದಪ್ಪನೆಯ ಐದೇ ಎಲೆಗಳು, ಅವುಗಳ ನಡುವಿನಿಂದ ಬಾಗಿ ಬಂದ ಒಂದು ಕಡ್ಡಿ, ಅದರ ತುಂಬ ನೇರಳೆ ಬಣ್ಣದ ಒಂಬತ್ತು ಹೂಗಳು. ಎರಡು ತಿಂಗಳು ಕಳೆದರೂ ಹೂ ಬಾಡದಿದ್ದಾಗ ಬಂದ ನೆಂಟರೆಲ್ಲ ಅದು ಪ್ಲಾಸ್ಟಿಕ್ಕಿನದೆಂದು ತಿಳಿದು ದಳಗಳನ್ನು ಚಿವುಟಿ ನೋಡುತ್ತಿದ್ದರು. ಬೆಳಗಿನ ಮಲ್ಲಿಗೆ ಸಂಜೆಗೆ ಕಂದುವ ಊರಿನಲ್ಲಿ ಅವರ ಅನುಮಾನವನ್ನು ತಪ್ಪೆನ್ನಲಾಗದು. ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ 1825ರಲ್ಲಿ ಇದರ ಕುಲಕ್ಕೆ ಫೆಲೆನಾಪ್ಸಿಸ್ ಎಂದು ಹೆಸರಿಟ್ಟನಂತೆ; ಪತಂಗದ ಹಾಗೆ ಕಾಣುವುದು ಎಂದು ಗ್ರೀಕಿನಲ್ಲಿ ಅದರ ಅರ್ಥ. ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹೊಂದಲಿಲ್ಲವಾಗಿ ಗಿಡ “ಬೆಂಗಳೂರು ಹೂವು” ಎಂದೇ ಉಳಿಯಿತು.

ಮೊದಲು ಹಳದಿಯಾದದ್ದು ಎಲ್ಲಕ್ಕಿಂತ ಕೆಳಗಿನ ಎಲೆ. ಅದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಮುದಿಯಾದ ಎಲೆಯಲ್ಲಿನ ಹಸಿರನ್ನು ಒಡೆದು, ಎಲೆಯ ಸಾರಜನಕವನ್ನು ಹಿಂದಕ್ಕೆಳೆದು, ಮೇಲಿನ ಎಲೆಗಳಿಗೆ ಬಡಿಸುವುದು ಗಿಡಗಳ ಸಂಸಾರದಲ್ಲಿ ಇದ್ದದ್ದೇ. ಹಸಿರು ಖಾಲಿಯಾದ ಮೇಲೆ, ಅಲ್ಲಿಯವರೆಗೆ ಅದರಡಿ ಅಡಗಿದ್ದ ಹಳದಿ ಕಣ್ಣಿಗೆ ಬೀಳುತ್ತದೆ. ಕನ್ನಡವು ಅಂಥ ಎಲೆಯನ್ನು ಸತ್ತ ಎಲೆ ಎನ್ನದೆ ಹಣ್ಣೆಲೆ ಎಂದು ಕರೆದಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಆದರೆ ಹದಿನೈದು ದಿನದೊಳಗೆ ಎರಡನೆಯ ಎಲೆಯೂ, ಅದರ ಬೆನ್ನಿಗೇ ಮೂರನೆಯದೂ ಬುಡದಿಂದ ಹಳದಿಗಟ್ಟಿದವು. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆಂದು ಗಾದೆಯೇನೋ ಹೇಳುತ್ತದೆ. ಇಲ್ಲಿ ನಗಬೇಕಾಗಿದ್ದ ಎಲೆಯೇ ಮುಖ ಜೋಲಿಸಿಕೊಂಡಿತ್ತು. ಎಲೆಗಳು ಮೆತ್ತಗಾಗಿ, ಮೇಲ್ಮೈಯಲ್ಲಿ ಅಂಗೈ ಗೆರೆಗಳಂಥ ಸುಕ್ಕುಗಳೆದ್ದಿದ್ದವು. ನೋಡಿದ ಯಾರಿಗಾದರೂ ಅದು ಬಾಯಾರಿದ ಗಿಡವೆಂದೇ ತೋರಬೇಕು. ನನಗೂ ಹಾಗೆಯೇ ತೋರಿ, ಲೋಟದ ಬದಲು ತಂಬಿಗೆ ಹಿಡಿದೆ.

ನೀರಿನ ವಿಷಯದಲ್ಲಿ ನಮ್ಮ ಊರಿನವರ ಮನಸ್ಸನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ, ನಲ್ಲಿಯಲ್ಲಿ ನೀರು ಬರುವ ದಿನವನ್ನು ಹಬ್ಬದಂತೆ ನೆನಪಿಟ್ಟುಕೊಂಡು ಡ್ರಮ್ಮು, ಕೊಡ, ಬಕೆಟ್ಟುಗಳನ್ನೆಲ್ಲ ತುಂಬಿಸಿಡುವ ಊರು ಇದು. ಮನೆಗೆ ಬಂದವರು ಚಪ್ಪಲಿ ಬಿಡುವುದರೊಳಗೆ ಅವರ ಕೈಗೆ ತಂಬಿಗೆ ಹೋಗಬೇಕು; ಊಟಕ್ಕಿಲ್ಲದಿದ್ದರೂ ನಡೆದೀತು, ನೀರು ಕೇಳಲಿಲ್ಲವೆಂಬ ಮಾತು ಬರಬಾರದು. ಹೀಗೆ ಬೆಳೆದವರ ಮನೆಗೆ ಮಳೆಕಾಡಿನ ಗಿಡವೊಂದು ಅತಿಥಿಯಾಗಿ ಬಂದರೆ ನಾವು ಏನು ಮಾಡಬೇಕು? ನಮಗೆ ಕೊರತೆಯಾದರೂ ಅಡ್ಡಿಯಿಲ್ಲ, ಅದಕ್ಕೆ ಕೊರತೆಯಾಗಬಾರದೆಂದು ದಿನಾ ಬೆಳಿಗ್ಗೆ ಚಹಾ ಕುಡಿದ ಮೇಲೆ ನಾನೊಂದು ಲೋಟ, ಅದನ್ನರಿಯದ ನನ್ನ ಹೆಂಡತಿ ಪೂಜೆ ಮುಗಿಸಿ ಮತ್ತೊಂದು ಲೋಟ ಹಾಕುತ್ತಿದ್ದೆವು.

ಕಣ್ಣು ತೆರೆಸಿದವರು ಕಚೇರಿಯಲ್ಲಿ ನನ್ನ ಜೊತೆಗಿದ್ದ ಶಿರಸಿ ಕಡೆಯವರು. “ನಮ್ಮಲ್ಲಿ ಮರದ ಕೊಂಬೆಯ ಮೇಲೆ ಸೀತಾಳೆ ದಂಡೆ ಬೆಳೆಯುತ್ತದೆ, ಅದೂ ಆರ್ಕಿಡ್ಡೇ. ಅದಕ್ಕೆ ಯಾರು ಬಿಂದಿಗೆ ಹೊರುತ್ತಾರೆ?” ಎಂದು ಅವರು ಕೇಳಿದಾಗ, ಮರದ ಮೇಲಿನ ಗಿಡವೆಂದರೆ ಮಾವಿನ ಮರಕ್ಕೆ ಹತ್ತುವ ಬದನಿಕೆಯಂತೆ ಪರರ ರಸ ಹೀರುವಂಥದ್ದಿರಬೇಕೆಂದು ನಾನು ಊಹಿಸಿದೆ. ಹಾಗಲ್ಲವಂತೆ. ಬದನಿಕೆ ಮರದೊಳಕ್ಕೆ ಬೇರಿಳಿಸಿ ಕದಿಯುತ್ತದೆ. ಆರ್ಕಿಡ್ ಮರದಿಂದ ಕೇಳುವುದು ಕೂರಲು ಜಾಗ ಮಾತ್ರ. ಮಳೆ ಬಂದಾಗ ನೀರು ತೊಗಟೆಯ ಮೇಲೆ ಹರಿದು ಇಳಿದುಹೋಗುತ್ತದೆ, ಗಾಳಿ ಬಿಟ್ಟರೆ ಅದೂ ಆರುತ್ತದೆ, ಕೂಡಿಟ್ಟುಕೊಳ್ಳಲು ಕೆಳಗೆ ಮಣ್ಣಿಲ್ಲ. ಅಂದರೆ ಸುತ್ತಲೂ ಮಳೆ ಸುರಿಯುವ ಕಾಡಿನಲ್ಲಿದ್ದೂ ಅದು ನೀರಿನ ಬಡತನದಲ್ಲಿ ಬಾಳುವ ಜೀವ. ಅದಕ್ಕಾಗಿಯೇ ಫೆಲೆನಾಪ್ಸಿಸ್ ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ತೇವ ಸೋರಿಹೋಗದಂತೆ ರಾತ್ರಿ ತೆರೆದು ಉಸಿರೆಳೆದುಕೊಳ್ಳುತ್ತದೆ. ನಮ್ಮ ಹೊಲಗಳ ಬೇಲಿಯಲ್ಲಿ ನಿಂತಿರುವ ಪಾಪಾಸುಕಳ್ಳಿಯ ಪದ್ಧತಿಯೂ ಇದೇ. ಬೆಂಗಳೂರು ಹೂವೆಂದು ನಾವು ಮಡಿ ಮಾಡಿ ಇಟ್ಟದ್ದು ಗುಣದಲ್ಲಿ ನಮ್ಮ ಕಳ್ಳಿಯ ನೆಂಟನಾಗಿತ್ತು.

ಆ ಭಾನುವಾರ ಹಳೆಯ ಪತ್ರಿಕೆ ಹಾಸಿ ಗಿಡವನ್ನು ಹೊರತೆಗೆದೆ. ಹೊರಗಿನ ಪಿಂಗಾಣಿ ಕುಂಡಕ್ಕೆ ತೂತೇ ಇರಲಿಲ್ಲ. ಒಳಗಿನ ಪಾರದರ್ಶಕ ಡಬ್ಬಿ ಎರಡು ಬೆರಳು ಎತ್ತರದ ಹಳಸಲು ನೀರಿನಲ್ಲಿ ನಿಂತಿತ್ತು. ಬೇರಿನ ಸುತ್ತ ಬಿಗಿಯಾಗಿ ತುಂಬಿದ್ದ ಸ್ಫ್ಯಾಗ್ನಮ್ ಎಂಬ ಹಾವಸೆ ಹಿಂಡಿದರೆ ನೆಲ ಒರೆಸುವ ಬಟ್ಟೆಯಂತೆ ನೀರಿಳಿಸಿತು. ಆರ್ಕಿಡ್ಡಿನ ಬೇರಿಗೆ ಹೊರಗಡೆ ಸ್ಪಂಜಿನಂಥ ಬಿಳಿ ಕವಚವಿರುತ್ತದೆ. ಒಣಗಿದ್ದಾಗ ಬೆಳ್ಳಿಬಣ್ಣ, ನೀರು ಕುಡಿದೊಡನೆ ಹಸಿರು. ಮೇಲಿದ್ದ ಮೂರು ಬೇರುಗಳು ಹಾಗೆಯೇ ಗಟ್ಟಿಯಾಗಿದ್ದವು. ಉಳಿದವು ಕಂದು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆದಾಗ ಅದರ ಕವಚ ನೆನೆದ ಕಡಲೆಯ ಸಿಪ್ಪೆಯಂತೆ ಜಾರಿ ಬಂದು, ಒಳಗಿನ ದಾರವೊಂದು ಗಿಡದಲ್ಲೇ ಉಳಿಯಿತು. ವಾಸನೆಯನ್ನು ವರ್ಣಿಸುವುದು ಬೇಡ. ಹೆಂಡತಿ ಅಡುಗೆಮನೆಯಿಂದಲೇ ಚರಂಡಿ ಕಟ್ಟಿದೆಯೇ ಎಂದು ಕೇಳಿದಳು.

ಕೊಳೆತ ಬೇರಿಗೆ ನೀರೆಳೆಯುವ ಶಕ್ತಿಯಿಲ್ಲ. ಬುಡ ನೀರಿನಲ್ಲಿ ಮುಳುಗಿರುವಾಗಲೇ ಎಲೆಗೆ ನೀರು ಮುಟ್ಟದೆ ಅದು ಬಾಯಾರಿ ಸುಕ್ಕಾಗುತ್ತದೆ. ಸುಕ್ಕು ಕಂಡವನು ಮತ್ತಷ್ಟು ನೀರು ಸುರಿಯುತ್ತಾನೆ. ಉಳಿದ ಬೇರುಗಳೂ ಗಾಳಿ ಸಿಗದೆ ಕೊಳೆಯುತ್ತವೆ. ನೀರಿಗಾಗಿ ಕೊಡಗಳ ಸಾಲು ನಿಲ್ಲುವ ಊರಿನಲ್ಲಿ, ನಡುಮನೆಯ ಕಿಟಕಿಯ ಮೇಲೆ, ನಾನೊಂದು ಗಿಡವನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುತ್ತಿದ್ದೆನೆಂಬುದು ತಿಳಿದಾಗ ಆದ ನಾಚಿಕೆ ಅಷ್ಟಿಷ್ಟಲ್ಲ.

ಕತ್ತರಿಯನ್ನು ಗ್ಯಾಸಿನ ಉರಿಗೆ ಹಿಡಿದು, ಕಂದುಬೇರುಗಳನ್ನೆಲ್ಲ ಕತ್ತರಿಸಿ, ಗಾಯಗಳಿಗೆ ದಾಲ್ಚಿನ್ನಿ ಪುಡಿ ಮುಟ್ಟಿಸಿದೆ. ಇದು ಆರ್ಕಿಡ್ ಬೆಳೆಸುವವರ ಮನೆಮದ್ದು. ಹೊಸ ಕುಂಡಕ್ಕೆ ತೆಂಗಿನ ಸಿಪ್ಪೆಯ ತುಂಡುಗಳ ಜೊತೆ ಇದ್ದಿಲು ಬೇಕಾಗಿತ್ತು. ಜೀನ್ಸ್ ಹೊಲಿಯುವ ಊರಿನಲ್ಲಿ ಇಸ್ತ್ರಿ ಅಂಗಡಿಗೇನು ಕೊರತೆ? ಓಣಿಯ ಮೂಲೆಯವನು ಒಂದು ಚೀಲ ಇದ್ದಿಲನ್ನು ಪುಕ್ಕಟೆ ಕೊಟ್ಟು, ಮಸಿಯಲ್ಲಿ ಏನು ಬೆಳೆಯುತ್ತದೆಂದು ನೋಡಲು ತಾನೇ ಮನೆಗೆ ಬಂದ. ಬೋರ್‌ವೆಲ್ ನೀರಿನ ಉಪ್ಪು ಬೇರಿನ ತುದಿಯನ್ನು ಸುಡುತ್ತದೆಂದು ಗೊತ್ತಾದ ಮೇಲೆ ಕುಡಿಯುವ ನೀರಿನಲ್ಲಿ ಅದಕ್ಕೂ ಒಂದು ಪಾಲು ಸಿಕ್ಕಿತು. ಆದರೆ ಬೇರು ಬೆಳ್ಳಿಬಣ್ಣಕ್ಕೆ ತಿರುಗಿದ ದಿನ ಮಾತ್ರ. ಹತ್ತು ನಿಮಿಷ ನೆನೆಸಿ, ಪೂರ್ತಿ ಬಸಿದು, ಎಲೆಗಳ ನಡುವಿನ ಸುಳಿಯಲ್ಲಿ ನಿಂತ ಹನಿಯನ್ನು ಹತ್ತಿಯಿಂದ ಒತ್ತಿ ತೆಗೆದು. ಪಡುವಣ ಕಿಟಕಿಯ ಬಿಸಿಲಿಗೆ ಒಂದೆಲೆ ಆಗಲೇ ಸುಟ್ಟಿದ್ದರಿಂದ ಜಾಗವೂ ಮೂಡಣಕ್ಕೆ ಬದಲಾಯಿತು. ಬೇಸಿಗೆಯ ರಾತ್ರಿಗಳೇ ಕಷ್ಟದವು. ಹಗಲೆಲ್ಲ ಕಾದ ಬಳ್ಳಾರಿ ಗುಡ್ಡದ ಬಂಡೆ ಕತ್ತಲಾದ ಮೇಲೆ ಶಾಖ ಉಗುಳುತ್ತಿರುವಾಗ, ರಾತ್ರಿಯೇ ಉಸಿರಾಡಬೇಕೆಂದಿರುವ ಗಿಡವೇನು ಮಾಡೀತು? ಕೂಲರಿನ ತೇವದ ಗಾಳಿ ನೇರವಾಗಿ ಬಡಿಯದ, ಆದರೆ ಸುಳಿದು ಹೋಗುವ ಮೂಲೆಯೊಂದನ್ನು ಹುಡುಕಿಕೊಟ್ಟೆ. ಅದು ಮೊದಲು ನನ್ನ ಕುರ್ಚಿಯ ಜಾಗ.

ಮೂರು ತಿಂಗಳು ಏನೂ ಆಗಲಿಲ್ಲ. ಹಳದಿಯಾದ ಮೂರೂ ಎಲೆಗಳು ಒಣಗಿ ತಾವಾಗಿ ಕಳಚಿದವು, ಉಳಿದ ಎರಡು ಹಸಿರಾಗಿಯೇ ನಿಂತವು. ನಾಲ್ಕನೆಯ ತಿಂಗಳು ಬುಡದ ಪಕ್ಕದಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ದೊಡ್ಡ ಹಸಿರು ಗುಬುಟೊಂದು ಮೂಡಿತು. ಹೂವಿನ ಕಡ್ಡಿಯೆಂದು ಮನೆಯವರೆಲ್ಲ ಸಂಭ್ರಮಿಸಿದೆವು; ಅದು ಬೇರು. ಕುಂಡದ ಅಂಚು ದಾಟಿ, ಯಾರನ್ನೂ ಕೇಳದೆ ಕಿಟಕಿಯ ಚೌಕಟ್ಟಿಗೆ ಅಂಟಿಕೊಂಡಿದೆ. ಈಗ ಆ ಕಿಟಕಿಯ ಕುಂಡವನ್ನು ಒರೆಸಲಿಕ್ಕೂ ಎತ್ತುವಂತಿಲ್ಲ.

ಮೊನ್ನೆ ಕೊಪ್ಪಳದಲ್ಲಿ ಮದುವೆಯಿತ್ತು. ಐದು ದಿನದ ಮಟ್ಟಿಗೆ ಎದುರುಮನೆಯ ಅಜ್ಜಿಯ ಕೈಗೆ ಕೀಲಿ ಕೊಟ್ಟು, ತುಳಸಿಗೆ ದಿನಾ ನೀರು ಹಾಕಿ, ಕಿಟಕಿಯಲ್ಲಿರುವುದಕ್ಕೆ ಒಂದು ಹನಿಯನ್ನೂ ಹಾಕಬೇಡಿರೆಂದು ಎರಡೆರಡು ಸಲ ಹೇಳಿದೆ. ಅಜ್ಜಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಾಮಣಿ ಆದದ್ದಕ್ಕ ನೀರೂ ಕೊಡಬ್ಯಾಡ ಅಂತೀಯಲ್ಲೋ, ಪಾಪ” ಎಂದರು.