ವಿಮಾನ ಎಲ್ಲಾದರೂ ಜೋಡಿಸಲಿ, ಬಿಡಿಭಾಗ ಹರಿಹರದಲ್ಲಿ ಆಗಲಿ

"ಗುಬ್ಬಿಗೆ ಹೆಲಿಕಾಪ್ಟರ್ ಕಾರ್ಖಾನೆ ಬಂತು, ಕೋಲಾರದ ವೇಮಗಲ್‌ಗೂ ಸಿಕ್ತು. ನಮ್ಮ ದಾವಣಗೆರೆಗೆ ಏನು ಕೊಟ್ರು?" ಬೆಣ್ಣೆದೋಸೆಗೆ ಕಾಯುತ್ತಾ ನಿಂತರೂ ಈ ಮಾತು ಕಿವಿಗೆ ಬೀಳುತ್ತೆ. ಬೈಸಿಕೊಂಡರೂ ಪರವಾಗಿಲ್ಲ, ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಜೋಡಣೆ ಕಾರ್ಖಾನೆಗೆ ನಾವು ಬಾಯಿ ಬಾಯಿ ಬಿಡುವುದು ಬೇಡ. ತಾನಾಗಿ ಬಂದರೆ ಬರಲಿ. ಆದರೆ ಅದೊಂದನ್ನೇ ಕೇಳುತ್ತಾ ಕೂತರೆ ಕೈಗೆ ಸಿಗುವುದೂ ತಪ್ಪಿಹೋಗುತ್ತೆ.

ತುಮಕೂರು ಜಿಲ್ಲೆಯ ಗುಬ್ಬಿಯದ್ದೇ ನೋಡಿ. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ಗೆ 615 ಎಕರೆ. ಅಡಿಗಲ್ಲು ಬಿದ್ದದ್ದು 2016ರಲ್ಲಿ, ಉದ್ಘಾಟನೆ ಆದದ್ದು 2023ರ ಫೆಬ್ರವರಿಯಲ್ಲಿ. ಅಡಿಗಲ್ಲಿನ ದಿನ ಹೈಸ್ಕೂಲಿನಲ್ಲಿದ್ದ ಹುಡುಗ ಅಷ್ಟರಲ್ಲಿ ಡಿಪ್ಲೊಮಾ ಮುಗಿಸಿ ಬೇರೆ ಕಡೆ ಕೆಲಸ ಹುಡುಕಿಕೊಂಡಿರುತ್ತಾನೆ. ವರ್ಷಕ್ಕೆ 30 ಹೆಲಿಕಾಪ್ಟರ್‌ನಿಂದ ಶುರುಮಾಡಿ 60, ಆಮೇಲೆ 90 ಅನ್ನುವ ಲೆಕ್ಕ. ಒಳ್ಳೆಯದೇ. ಆದರೆ ಆರ್ಡರ್ ಕೊಡುವವರು ಮುಖ್ಯವಾಗಿ ಸೇನೆಯವರು. ದೆಹಲಿಯಲ್ಲಿ ಸಹಿ ಬಿದ್ದರೆ ಮಾತ್ರ ಇಲ್ಲಿ ಕೆಲಸ.

ಇನ್ನು ಜೋಡಣೆ ಅಂದರೆ ಏನು? ಎಲ್ಲೆಲ್ಲೋ ತಯಾರಾದ ಭಾಗಗಳನ್ನು ತಂದು ಕೂಡಿಸುವುದು, ವೈರಿಂಗ್ ಎಳೆಯುವುದು, ತಪಾಸಣೆ ಮಾಡಿ ಹಾರಿಸಿ ನೋಡುವುದು. ಗುಬ್ಬಿಯ ಹಗುರ ಹೆಲಿಕಾಪ್ಟರ್‌ಗೆ ಬೇಕಾದ 'ಶಕ್ತಿ' ಅನ್ನುವ ಹೆಸರಿನ ಎಂಜಿನ್ ತಯಾರಾಗುವುದು ಬೆಂಗಳೂರಿನಲ್ಲಿ. ಗುಜರಾತಿನ ವಡೋದರಾದಲ್ಲಿ ಟಾಟಾದವರು ಸಿ-295 ಅನ್ನುವ ಸೇನಾ ಸಾಗಣೆ ವಿಮಾನ ಜೋಡಿಸುತ್ತಾರೆ. ಅದರ ದೊಡ್ಡ ದೊಡ್ಡ ಭಾಗಗಳು ಹೈದರಾಬಾದಿನಿಂದ ಹೋಗುತ್ತವೆ. ಆ ವಿಮಾನಕ್ಕೆ 13,400 ಬಿಡಿಭಾಗಗಳನ್ನು ನಮ್ಮ ದೇಶದಲ್ಲೇ ಮಾಡಿಸುತ್ತೇವೆ ಅಂತ ಕೇಂದ್ರ ಸರ್ಕಾರ ಹೇಳಿತ್ತು. ರಿಬ್ಬನ್ ಕತ್ತರಿಸುವುದು ಒಂದೂರಲ್ಲಿ. ದುಡ್ಡು ಮಾತ್ರ ಆ 13,400 ಪೀಸ್ ಮಾಡುವವರ ಊರಿಗೆ ಹರಿದುಹೋಗುತ್ತೆ ಅಲ್ವಾ?

ಆ ಪೀಸ್ ಮಾಡುವ ಕೈಗಳು ನಮ್ಮಲ್ಲಿವೆ. 1941ರಲ್ಲಿ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್ ಬಂತು. ದೇಶದ ಮೂಲೆಮೂಲೆಗೆ ಇಲ್ಲಿಂದ ಲೇತ್ ಮೆಷಿನ್ ಹೋದವು. ಎರಡು ಸಾವಿರದ ದಶಕದ ಶುರುವಿನಲ್ಲಿ ಅದು ನಿಂತಿತು. ದಾವಣಗೆರೆಯ ಹತ್ತಿ ಗಿರಣಿಗಳು ಅದಕ್ಕೂ ಮೊದಲೇ ಒಂದೊಂದಾಗಿ ಬಾಗಿಲು ಹಾಕಿದ್ದವು. ಒಂದೇ ದೊಡ್ಡ ಗೇಟಿನ ಮುಂದೆ ಊರಿಗೆ ಊರೇ ನಿಂತರೆ ಏನಾಗುತ್ತೆ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೂ ಟರ್ನರ್, ಫಿಟ್ಟರ್ ಕೆಲಸ ಊರಲ್ಲಿ ಉಳಿಯಿತು. ಶೀಟಿನ ಶೆಡ್ಡು, ಎರಡೋ ಮೂರೋ ಮೆಷಿನ್ನು, ಜಾಬ್ ವರ್ಕ್.

ಅಂಥದೊಂದು ಶೆಡ್ಡಿಗೆ ಮೊನ್ನೆ ಹೋಗಿದ್ದೆ. ಮಾಲೀಕರು ಅಂಗೈಯಗಲದ ಅಲ್ಯೂಮಿನಿಯಂ ಬ್ರಾಕೆಟ್ ಒಂದನ್ನು ಎಣ್ಣೆಬಟ್ಟೆಯಿಂದ ಬಿಚ್ಚಿ ತೋರಿಸಿದರು. ಅಂಚು ಮುಟ್ಟಿದರೆ ರೇಷ್ಮೆ. ಮೈಕ್ರೋಮೀಟರ್ ಹಿಡಿದು ಅಳತೆಯನ್ನೂ ತೋರಿಸಿದರು, ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ ಇತ್ತು. ಆದರೂ ವಾಪಸ್ ಬಂದ ಮಾಲು. "ಪೀಸ್ ಸರಿನೇ ಇತ್ರೀ. ಹೀಟ್ ನಂಬರ್ ಸರ್ಟಿಫಿಕೇಟ್ ಇರಲಿಲ್ಲ ಅಂತ ಇಡೀ ಲಾಟ್ ತಳ್ಳಿಬಿಟ್ರು," ಅಂದರು. ಯಾವ ಕುಲುಮೆಯ ಯಾವ ಎರಕದಿಂದ ಆ ಲೋಹ ಬಂತು ಅನ್ನುವ ದಾಖಲೆ ಅದು. ವಿಮಾನದ ಕೆಲಸದಲ್ಲಿ ಅದಿಲ್ಲದೆ ನಡೆಯಲ್ಲ. ನಾಳೆ ಏನಾದರೂ ಮುರಿದರೆ ಅದೇ ಲೋಹದ ಉಳಿದ ಪೀಸ್‌ಗಳು ಎಲ್ಲಿವೆ ಅಂತ ಹುಡುಕಬೇಕಲ್ಲ. ಹಾಗಾಗಿ ತಳ್ಳಿದವರದ್ದು ತಪ್ಪು ಅನ್ನೋಕೂ ಆಗಲ್ಲ.

ಇಲ್ಲೇ ನಮ್ಮವರು ಎಡವುತ್ತಿರುವುದು. ಕೈಚಳಕಕ್ಕೆ ಕೊರತೆಯಿಲ್ಲ. ಕಾಗದ ಇಲ್ಲ. ಎಎಸ್ 9100 ಅನ್ನುವ ಗುಣಮಟ್ಟದ ಸರ್ಟಿಫಿಕೇಟ್ ಬೇಕು, ಏಸಿ ಕೋಣೆಯಲ್ಲಿ ಇಡುವ ಅಳತೆ ಯಂತ್ರ ಬೇಕು, ತಿಂಗಳುಗಟ್ಟಲೆ ಬಿಲ್ ಬರದಿದ್ದರೂ ತಡೆದುಕೊಳ್ಳುವ ಬಂಡವಾಳ ಬೇಕು. ಎರಡು ಮೆಷಿನ್ ಇಟ್ಟವನಿಗೆ ಇದೆಲ್ಲ ಎಲ್ಲಿಂದ ಬರಬೇಕು? ಹತ್ತು ಶೆಡ್ಡಿಗೆ ಸೇರಿ ಒಂದು ಅಳತೆ ಕೋಣೆ ಸರ್ಕಾರ ಹಾಕಿಕೊಡಲಿ. ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳಾದ ಯುಬಿಡಿಟಿಯಿಂದ, ಬಿಐಇಟಿಯಿಂದ ವರ್ಷವರ್ಷ ಮೆಕ್ಯಾನಿಕಲ್ ಓದಿದವರು ಹೊರಬರುತ್ತಾರೆ, ಸೀದಾ ಬೆಂಗಳೂರು ಬಸ್ ಹತ್ತುತ್ತಾರೆ. ಅವರಲ್ಲಿ ನಾಲ್ಕು ಜನ ಈ ದಾಖಲೆ ಕೆಲಸಕ್ಕೆ ಇಲ್ಲೇ ನಿಂತರೂ ಸಾಕು. ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ಏಕಸ್ ಕಂಪನಿಯವರು ಏರ್‌ಬಸ್, ಬೋಯಿಂಗ್‌ಗೆ ಬಿಡಿಭಾಗ ಮಾಡಿ ಕಳಿಸುತ್ತಿಲ್ಲವೇ? ಅಲ್ಲಿ ಯಾರೂ ಇಡೀ ವಿಮಾನ ಜೋಡಿಸುತ್ತಿಲ್ಲ.

ಜಮೀನಿನ ಮಾತೂ ಇದೆ. ಪಕ್ಕದ ಚಳ್ಳಕೆರೆಯಲ್ಲಿ ಕುದಾಪುರ, ಉಳ್ಳಾರ್ತಿ ಕಡೆ ವಿಜ್ಞಾನ ಸಂಸ್ಥೆಗಳಿಗೆ ಸುಮಾರು 10,000 ಎಕರೆ ಹೋಯಿತು. ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲು ಅದು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಲ್ಲಿ ಡ್ರೋನ್ ಹಾರಿಸುತ್ತದೆ, ಕುರಿಯವರು ಬೇಲಿ ಸುತ್ತಿಕೊಂಡು ಹೋಗುತ್ತಾರೆ. ದೇವನಹಳ್ಳಿಯಲ್ಲಿ ರೈತರು ವರ್ಷಗಟ್ಟಲೆ ಧರಣಿ ಕೂತ ಮೇಲೆ, 2025ರ ಜುಲೈಯಲ್ಲಿ ಏರೋಸ್ಪೇಸ್ ಪಾರ್ಕಿನ 1,777 ಎಕರೆ ಸ್ವಾಧೀನ ಕೈಬಿಟ್ಟೆವು ಅಂತ ಮುಖ್ಯಮಂತ್ರಿ ಹೇಳಬೇಕಾಯಿತು. ಬಿಡಿಭಾಗದ ಶೆಡ್ಡಿಗೆ ರನ್‌ವೇ ಬೇಡ, ಕಾವಲೂ ಬೇಡ. ವಿಮಾನ ನಿಲ್ದಾಣವೇ ಇಲ್ಲದ ದಾವಣಗೆರೆಗೆ ಇದಕ್ಕಿಂತ ಸಲೀಸಾದ ದಾರಿ ಇನ್ನೇನಿದೆ?

ಈಗಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, 2025ರ ಮಾರ್ಚ್‌ನಲ್ಲಿ ಎಚ್‌ಎಎಲ್‌ಗೆ 156 'ಪ್ರಚಂಡ್' ಯುದ್ಧ ಹೆಲಿಕಾಪ್ಟರ್‌ಗಳ ಆರ್ಡರ್ ಸಿಕ್ಕಿದೆ. 62,700 ಕೋಟಿ ರೂಪಾಯಿಯದ್ದು. ಬೆಂಗಳೂರು, ತುಮಕೂರಿನಲ್ಲಿ ತಯಾರಿ. 250ಕ್ಕೂ ಹೆಚ್ಚು ದೇಶಿ ಕಂಪನಿಗಳಿಗೆ, ಅದರಲ್ಲೂ ಹೆಚ್ಚಾಗಿ ಸಣ್ಣ ಕೈಗಾರಿಕೆಗಳಿಗೆ ಕೆಲಸ ಸಿಗುತ್ತೆ ಅಂತ ರಕ್ಷಣಾ ಇಲಾಖೆಯೇ ಹೇಳಿದೆ. ಮೂರನೇ ವರ್ಷದಿಂದ ಸಪ್ಲೈ ಶುರು, ಅಲ್ಲಿಂದ ಐದು ವರ್ಷ. ಹರಿಹರದಿಂದ ತುಮಕೂರಿಗೆ ಹೈವೇಯಲ್ಲಿ ಅರ್ಧ ದಿನವೂ ಬೇಡ. ಆ 250ರಲ್ಲಿ ನಮ್ಮವರು ಎಷ್ಟು ಜನ ಇರುತ್ತಾರೆ ಅಂತ ಶಾಸಕರನ್ನು, ಸಂಸದರನ್ನು ಕೇಳಿ. ಶೆಡ್ಡು ಇಟ್ಟವರು, ಇಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ, ಅಳತೆ ಕೋಣೆಗೆ ಸೇರಿ ಒಂದು ಅರ್ಜಿ ಹಾಕೋಣ.