ಸ್ಪಷ್ಟನೆ: ಆ ಜಪಾನಿ ಮಣ್ಣಿನ ಗೊಂಬೆ ಗಗನಯಾತ್ರಿಯದ್ದಲ್ಲ

ದಪ್ಪ ಕಣ್ಣಿನ, ಊದಿಕೊಂಡ ಕೈಕಾಲಿನ ಒಂದು ಮಣ್ಣಿನ ಗೊಂಬೆಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. 'ಜಪಾನಿನಲ್ಲಿ ಸಿಕ್ಕ ಗಗನಯಾತ್ರಿ, ಬೇರೆ ಗ್ರಹದವರು ಬಂದಿದ್ದಕ್ಕೆ ಸಾಕ್ಷಿ' ಅಂತ ಅದರ ಕೆಳಗೆ ಬರೆದಿದ್ದಾರೆ. ಇದು ಸುಳ್ಳು.

ಈ ಗೊಂಬೆ ಸಿಕ್ಕಿದ್ದು ಅಓಮೊರಿ ಪ್ರಾಂತ್ಯದ ಕಮೆಗಓಕದಲ್ಲಿ, 1887ರಲ್ಲಿ. ಎತ್ತರ ಸುಮಾರು 34 ಸೆಂಟಿಮೀಟರ್. ಜಪಾನಿನ ಇತಿಹಾಸಪೂರ್ವ ಯುಗವಾದ ಜೋಮೊನ್ ಕಾಲದ ಕೊನೆಯ ಹಂತದ್ದು, ಅಂದರೆ ಕ್ರಿ.ಪೂ. 1000ರಿಂದ 400ರ ನಡುವಿನದು. ಈಗ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಗೊಂದಲ ಶುರುವಾಗುವುದು ಕಣ್ಣಿನಿಂದ. ದೊಡ್ಡ ಗುಂಡಗಿನ ಕಣ್ಣು, ನಡುವೆ ಅಡ್ಡಕ್ಕೆ ಒಂದು ಸಣ್ಣ ಗೀರು. ಹಿಮದ ಬೆಳಕು ಕಣ್ಣಿಗೆ ಹೊಡೆಯದಿರಲಿ ಅಂತ ಉತ್ತರ ಧ್ರುವದ ಕಡೆಯ ಜನ ಹಾಕಿಕೊಳ್ಳುವ ಕನ್ನಡಕದ ಹಾಗೆ ಕಾಣುತ್ತದೆ. ಅದಕ್ಕೇ 'ಶಕೋಕಿ ದೊಗೂ' ಎಂಬ ಹೆಸರು ಬಂತು. ಶಕೋಕಿ ಅಂದರೆ ಬೆಳಕು ತಡೆಯುವ ಸಾಧನ, ದೊಗೂ ಅಂದರೆ ಮಣ್ಣಿನ ಗೊಂಬೆ. ಹೆಸರು ಬರೀ ಹೋಲಿಕೆಯಷ್ಟೇ. ಅದು ಕನ್ನಡಕವಲ್ಲ, ಕಣ್ಣನ್ನೇ ಹಾಗೆ ದೊಡ್ಡದಾಗಿ ಮಾಡಿದ್ದಾರೆ ಅನ್ನುವುದು ಇಂದಿನ ವಿದ್ವಾಂಸರ ಅಭಿಪ್ರಾಯ.

ಇನ್ನು ಗೊಂಬೆಯ ಮೈಮೇಲಿನ 'ಸ್ಪೇಸ್‌ಸೂಟಿನ ಗೆರೆಗಳು'. ಹಸಿ ಮಣ್ಣಿನ ಮೇಲೆ ಹುರಿ ಹೊರಳಿಸಿ ಒತ್ತಿದ ಗುರುತುಗಳವು. ಅದೇ ಕಾಲದ ಮಡಕೆಗಳ ಮೇಲೂ ಇವೆ. ಜೋಮೊನ್ ಅನ್ನುವ ಪದದ ಅರ್ಥವೇ ಹುರಿಯ ಗುರುತು, ಅಲ್ವಾ! ಯಾರೋ ಕೂತು ಅಷ್ಟು ತಾಳ್ಮೆಯಿಂದ ಮಾಡಿದ ಕೈಕೆಲಸವನ್ನು ಸುಮ್ನೆ ಬೇರೆ ಗ್ರಹದವರ ಲೆಕ್ಕಕ್ಕೆ ಬರೆಯುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಎಡಗಾಲು ಇಲ್ಲದಿರುವುದರಲ್ಲೂ ಅಚ್ಚರಿಯಿಲ್ಲ. ಜಪಾನಿನಲ್ಲಿ ಸಾವಿರಾರು ದೊಗೂ ಸಿಕ್ಕಿವೆ, ಜಾಸ್ತಿ ಮುರಿದವೇ. ಪೂಜೆ ಅಥವಾ ಹರಕೆಯ ಭಾಗವಾಗಿ ಬೇಕೆಂದೇ ಮುರಿದಿರಬಹುದು ಎಂದು ಹಲವು ತಜ್ಞರು ಊಹಿಸುತ್ತಾರೆ.