ಸುಟ್ಟುಹೋದ ತಡಿಕೆ ರಾಶಿಯನ್ನು ಮತ್ತೆ ಕಟ್ಟಬೇಕಿತ್ತೇ?

ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯಲ್ಲಿ, ಮೆಂಡಿಪ್ ಗುಡ್ಡಗಳ ಮೇಲೆ ಪ್ರಿಡ್ಡಿ ಎಂಬ ಪುಟ್ಟ ಹಳ್ಳಿ ಇದೆ. ಆಗಸ್ಟ್ ತಿಂಗಳ ಕುರಿಸಂತೆಗೆ ಹೆಸರಾದ ಊರು. ಅಲ್ಲಿನ ಹುಲ್ಲುಬಯಲಿನಲ್ಲಿ ಕುರಿ ಕೂಡಿಹಾಕುವ ಮರದ ತಡಿಕೆಗಳನ್ನು ಒಟ್ಟಿ, ಮೇಲೆ ಹುಲ್ಲಿನ ಚಾವಣಿ ಹೊದಿಸಿದ್ದಾರೆ. ಆ ರಾಶಿ ಇರುವ ತನಕ ಸಂತೆಯೂ ಇರುತ್ತದೆ ಎಂಬುದು ಊರಿನ ನಂಬಿಕೆ. 2013ರಲ್ಲಿ ಯಾರೋ ಕಿಡಿಗೇಡಿಗಳು ಅದಕ್ಕೆ ಬೆಂಕಿ ಇಟ್ಟರು. ಮತ್ತೆ ಹೊಸದಾಗಿ ಕಟ್ಟಲಾಯಿತು. ಕಟ್ಟಿದ್ದು ಸರಿಯೇ?

ಪರ

ಕಟ್ಟದೆ ಬಿಡೋದು ಹೇಗೆ? ಆ ರಾಶಿಯ ಹಿಂದೆ ದೊಡ್ಡ ಕಥೆಯೇ ಇದೆ. ಸಂತೆ ಮೊದಲು ನಡೆಯುತ್ತಿದ್ದದ್ದು ಗುಡ್ಡದ ಕೆಳಗಿನ ವೆಲ್ಸ್ ಪಟ್ಟಣದಲ್ಲಂತೆ. 1348ರ ಬೇಸಿಗೆಯಲ್ಲಿ ಪ್ಲೇಗು ದಕ್ಷಿಣ ಕರಾವಳಿಗೆ ಬಂದಿಳಿಯಿತು. ಜನ ಸೇರುವ ಸಂತೆ ಊರೊಳಗೆ ಬೇಡ ಎಂದು ಮೇಲಿನ ಪ್ರಿಡ್ಡಿಗೆ ಸಾಗಿಸಿದರು ಎನ್ನುತ್ತಾರೆ. ಸುಮ್ನೆ ಹುಟ್ಟಿದ ಭಯವಲ್ಲ ಅದು. ಮರುವರ್ಷದ ಜನವರಿಯಲ್ಲಿ ವೆಲ್ಸ್‌ನ ಬಿಷಪ್ ರಾಲ್ಫ್ ಒಂದು ಪತ್ರ ಬರೆದರು. ಸಾಯುವ ಹೊತ್ತಿಗೆ ಪಾದ್ರಿ ಸಿಗದಿದ್ದರೆ ಯಾರ ಮುಂದಾದರೂ ಪಾಪ ಒಪ್ಪಿಕೊಳ್ಳಿ, ಹೆಂಗಸಾದರೂ ಸರಿ ಎಂದರು. ಆ ಕಾಲಕ್ಕೆ ಇಂಥ ಮಾತು ಹೇಳಬೇಕೆಂದರೆ ಪಾದ್ರಿಗಳೇ ಎಷ್ಟು ಜನ ಸತ್ತಿರಬೇಕು!

ಹಳೆಯದು ಸುಟ್ಟಿತಲ್ಲ, ಹೊಸದು ನಕಲಿ ತಾನೇ ಎನ್ನುವವರಿಗೆ ನನ್ನದೊಂದು ಪ್ರಶ್ನೆ. ಮೆಂಡಿಪ್ ಮೇಲಿನ ಮಳೆಗಾಳಿಗೆ ಮರ ಎಷ್ಟು ವರ್ಷ ತಡೆದೀತು? ಚಾವಣಿ ಕೊಳೆತಾಗ ಹೊಸ ಹುಲ್ಲು ಹೊದಿಸಲೇಬೇಕು, ತಡಿಕೆ ಮುರಿದಾಗ ಹೊಸದು ಸೇರಿಸಲೇಬೇಕು. ಮಳೆ ನಿಧಾನವಾಗಿ ಮಾಡುವುದನ್ನು ಬೆಂಕಿ ಒಮ್ಮೆಗೇ ಮಾಡಿತು, ಅಷ್ಟೇ.

ಇನ್ನೊಂದು ಮಾತು. ರೋಮನ್ನರ ಕಾಲದಿಂದ ಈ ಗುಡ್ಡಗಳಲ್ಲಿ ಸೀಸ ತೆಗೆಯುತ್ತಿದ್ದರು. ಪ್ರಿಡ್ಡಿಯ ಕೊನೆಯ ಸೀಸದ ಕೆಲಸ 1908ರಲ್ಲಿ ನಿಂತಿತು. ಗಣಿ ಹೋಯಿತು, ಕೂಲಿ ಹೋಯಿತು. ಊರಿಗೆ ಉಳಿದ ಗುರುತನ್ನು ಒಬ್ಬ ಕಿಡಿಗೇಡಿಯ ಕಡ್ಡಿಪೆಟ್ಟಿಗೆಗೆ ಬಿಟ್ಟುಕೊಡೋಕೆ ಆಗುತ್ತಾ?

ವಿರೋಧ

ಕಥೆ ಚೆನ್ನಾಗಿದೆ. ಆದರೆ 2001 ಅನ್ನು ಮರೆಯಬಾರದು. ಆ ವರ್ಷ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹರಡಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದರು. ಕುರಿ ಸಾಗಿಸುವುದಕ್ಕೇ ತಡೆ ಬಿತ್ತು. ಪ್ರಿಡ್ಡಿಯ ಸಂತೆಯೂ ನಡೆಯಲಿಲ್ಲ. ತಡಿಕೆ ರಾಶಿ ಮಾತ್ರ ಬಯಲಿನಲ್ಲಿ ಗಟ್ಟಿಯಾಗಿ ನಿಂತೇ ಇತ್ತು! ನಂಬಿಕೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೇ?

ಇಂಥ ಸಂತೆಗಳು ನಡೆದದ್ದು ವ್ಯಾಪಾರದಿಂದ. ಬೇಸಿಗೆ ಮುಗಿಯುವ ಹೊತ್ತಿಗೆ ಗುಡ್ಡದ ರೈತನ ಹತ್ತಿರ ಮರಿಗಳು ಜಾಸ್ತಿ, ಚಳಿಗಾಲಕ್ಕೆ ಮೇವು ಕಡಿಮೆ. ತಗ್ಗಿನ ರೈತನ ಹೊಲದಲ್ಲಿ ಮೇವಿದೆ, ಮೇಯಿಸೋಕೆ ಮರಿ ಬೇಕು. ಇಬ್ಬರೂ ರೊಪ್ಪದ ಹತ್ತಿರ ನಿಂತು ಚೌಕಾಸಿ ಮಾಡುತ್ತಾರೆ. ಕೊಳ್ಳುವವನು ಕುರಿಯ ಬೆನ್ನು ಒತ್ತಿ, ಹಲ್ಲು ನೋಡಿ, ಬೆಲೆ ಇಳಿಸುತ್ತಾನೆ. ಹೊರಟಂತೆ ಮಾಡಿ ಮತ್ತೆ ಬರುತ್ತಾನೆ. ಕೊನೆಗೆ ಅಂಗೈಗೆ ಅಂಗೈ ಬಡಿದರೆ ಮಾತು ಮುಗಿಯಿತು. ದುಡ್ಡು ಎಣಿಸಿಕೊಂಡ ಮೇಲೆ ಮಾರಿದವನು ಒಂದಿಷ್ಟು ಚಿಲ್ಲರೆಯನ್ನು ಕೊಂಡವನ ಕೈಗೇ ವಾಪಸ್ ಇಡುತ್ತಾನೆ, ಅದೃಷ್ಟದ ಕಾಸು ಎಂದು.

ಈ ವ್ಯಾಪಾರವನ್ನು ಕಸಿದದ್ದು ಬೆಂಕಿಯಲ್ಲ. ರೈಲು ಬಂತು, ಪಟ್ಟಣಗಳಲ್ಲಿ ವಾರವಾರ ಹರಾಜು ಕಟ್ಟೆಗಳು ಬಂದವು, ಆಮೇಲೆ ಲಾರಿ. 2001ರ ನಂತರ ನಿಯಮಗಳೂ ಬಿಗಿಯಾದವು. ಹೊಸ ಕುರಿ ಹೊಲಕ್ಕೆ ಬಂದರೆ ಆರು ದಿನ ಅಲ್ಲಿಂದ ಜಾನುವಾರು ಹೊರಗೆ ಕಳಿಸುವಂತಿಲ್ಲ. ಕುರಿಕುರಿಗೂ ಕಿವಿಯೋಲೆ, ಪ್ರತಿ ಸಾಗಾಟಕ್ಕೂ ಕಾಗದ. ಒಂದು ದಿನದ ಸಂತೆಗಾಗಿ ಇಷ್ಟು ತಲೆನೋವು ಯಾರಿಗೆ ಬೇಕು, ಅಲ್ವಾ?

ಇಂಗ್ಲೆಂಡಿನ ಹಳೇ ಸಂತೆಗಳಲ್ಲಿ ಇವತ್ತಿಗೂ ಕೈ ಬಡಿದು ವ್ಯಾಪಾರ ಮಾಡುವವರೆಂದರೆ ಹೆಚ್ಚಾಗಿ ಕುದುರೆ ತರುವ ಜಿಪ್ಸಿಗಳು. ಪ್ರಿಡ್ಡಿಗೂ ಅವರು ಕುದುರೆ ತಂದವರೇ. ಆದರೆ 1476ರಲ್ಲಿ ಸಂತೆ ನಡೆಸಲು ರಾಜನ ಸನದು ಪಡೆದ ಸ್ಟೋ-ಆನ್-ದ-ವೋಲ್ಡ್ ಪಟ್ಟಣದಲ್ಲಿ ಅವರ ಕುದುರೆ ಸಂತೆ ಬಂದರೆ ಕೆಲವು ಅಂಗಡಿ, ಪಬ್ಬುಗಳು ಬಾಗಿಲು ಹಾಕಿಕೊಳ್ಳುತ್ತವೆ. ಪರಂಪರೆಯ ಗುರುತು ಬೇಕು, ಪರಂಪರೆ ನಡೆಸುವವರು ಬೇಡ! ನನ್ನನ್ನು ಕೇಳಿದರೆ, ಪ್ರಿಡ್ಡಿಯಲ್ಲಿ ರಾಶಿಗೆ ಬಳಸಿದ ಮರದಲ್ಲಿ ನಿಜವಾದ ರೊಪ್ಪಗಳನ್ನೇ ಕಟ್ಟಬೇಕಿತ್ತು, ಕುರಿ ನಿಲ್ಲೋಕೆ, ಕುದುರೆ ಕಟ್ಟೋಕೆ.